ಕಲ್ಲು ನಾರಾಗುವುದು ಹೇಗೆ? ಕಲ್ನಾರಿನ ಖನಿಜಗಳ ಪರಿಚಯ

ಹಾಸನ ಜಿಲ್ಲೆಯ ಹೊಳೆನರಸೀಪುರ ಸುತ್ತಿನ ಪುರಾತನ ಶಿಲೆಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇದೆ. ಇಂತಹ ಭಾಗಗಳಲ್ಲಿ ಬಾವಿ ತೋಡುವಾಗ, ಹೊಲದ ಕಲ್ಲು ತೆಗೆಯುವಾಗ ಬಿಳಿ ಅಥವಾ ಹಸಿರು ಛಾಯೆಯ ನಾರುಗಲ್ಲು ಕಾಣಬಹುದು. ಇದು ಹೆಚ್ಚಾಗಿ ಆಂಫಿಬೋಲ್ ಎಂಬ ಖನಿಜಗಳ ಗುಂಪಿಗೆ ಸೇರಿದ್ದು. ಇದರ ಗುಣವನ್ನು ರೈತರು ತಿಳಿದಿರುವುದು ಅಗತ್ಯ.

ರಚನೆ

ಮಣ್ಣಿನ ಬಹುತೇಕ ಖನಿಜಗಳಂತೆ ಆಂಫಿಬೋಲ್ ಕೂಡ ಸಿಲಿಕೇಟ್. ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಪರಮಾಣುಗಳಿರುವ ಘಟಕವೇ ಇವುಗಳ ಇಟ್ಟಿಗೆ. ವ್ಯತ್ಯಾಸವಿರುವುದು ಜೋಡಣೆಯಲ್ಲಿ. ಎರೆಮಣ್ಣಿನ ಜೇಡಿಯಲ್ಲಿ ಈ ಇಟ್ಟಿಗೆಗಳು ಹಾಳೆಯಾಗಿ ಹರಡಿವೆ. ಆಂಫಿಬೋಲಿನಲ್ಲಿ ಎರಡು ಸರಪಳಿಗಳು ಬೆಸೆದುಕೊಂಡು ಏಣಿಯಂತೆ ಉದ್ದಕ್ಕೆ ಸಾಗುತ್ತವೆ. ಸರಪಳಿಯೊಳಗಿನ ಬಂಧ ಬಲವಾದುದು. ಒಂದು ಜೋಡಿಯನ್ನು ಪಕ್ಕದ ಜೋಡಿಗೆ ಹಿಡಿದಿಡುವ ಲೋಹಗಳ ಬಂಧ ಅಷ್ಟು ಬಲವಾದುದಲ್ಲ. ಆದ್ದರಿಂದ ಕಲ್ಲು ಉದ್ದಕ್ಕೆ ಸೀಳುತ್ತದೆ.

ಆದರೆ ಎಲ್ಲ ಆಂಫಿಬೋಲ್ ಕಲ್ನಾರಲ್ಲ. ಸ್ಫಟಿಕವು ಬೆಳೆಯುವಾಗಲೇ ಸೂಕ್ಷ್ಮ ಎಳೆಗಳ ಕಂತೆಯಾಗಿ ಬೆಳೆದಿದ್ದರೆ ಮಾತ್ರ ಅದು ಕಲ್ನಾರು. ಅದೇ ಸಂಯೋಜನೆಯ ಖನಿಜ ಬೇರೆಡೆ ಗಟ್ಟಿ ಕಲ್ಲಾಗಿಯೂ ಇರಬಹುದು.

ಸಂಯೋಜನೆ

ಸೂತ್ರದ ಒಂದು ಘಟಕದಲ್ಲಿ 8 ಸಿಲಿಕಾನ್, 22 ಆಮ್ಲಜನಕ ಹಾಗೂ 2 ಹೈಡ್ರಾಕ್ಸಿಲ್ ಇರುತ್ತವೆ. ಜೊತೆಯ ಲೋಹಗಳಿಗೆ ತಕ್ಕಂತೆ ಹೆಸರು ಬದಲಾಗುತ್ತದೆ.

1. ಟ್ರೆಮೊಲೈಟ್: 2 ಕ್ಯಾಲ್ಸಿಯಂ, 5 ಮೆಗ್ನೀಷಿಯಂ.
2. ಆಕ್ಟಿನೊಲೈಟ್: ಮೇಲಿನದರಲ್ಲೇ ಮೆಗ್ನೀಷಿಯಂ ಬದಲು ಸ್ವಲ್ಪ ಕಬ್ಬಿಣ, ಬಣ್ಣ ಹಸಿರು.
3. ಆಂಥೊಫಿಲೈಟ್: ಮುಖ್ಯವಾಗಿ ಮೆಗ್ನೀಷಿಯಂ.
4. ಅಮೊಸೈಟ್: ಕಬ್ಬಿಣ ಹೆಚ್ಚು, ಕಂದು ಕಲ್ನಾರು.
5. ಕ್ರೊಸಿಡೊಲೈಟ್: ಸೋಡಿಯಂ ಮತ್ತು ಕಬ್ಬಿಣ, ನೀಲಿ ಕಲ್ನಾರು.

ಚಾವಣಿಯ ಸಿಮೆಂಟ್ ಶೀಟುಗಳಲ್ಲಿ ಸಾಮಾನ್ಯವಾಗಿ ಬಳಸುವ ಬಿಳಿ ಕಲ್ನಾರು ಕ್ರೈಸೊಟೈಲ್. ಅದು ಈ ಗುಂಪಿನದಲ್ಲ. ಚಾಪೆ ಸುತ್ತಿದಂತೆ ಸುರುಳಿಯಾದ ಹಾಳೆಯ ರಚನೆ ಅದರದು.

ಅಪಾಯವೇನು?

ಹಲವು ಎಳೆಗಳು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ಉಸಿರಿನೊಡನೆ ಇವು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಆಂಫಿಬೋಲ್ ಎಳೆಗಳು ಅಲ್ಲಿ ಸುಲಭವಾಗಿ ಕರಗದೆ ವರ್ಷಾನುಗಟ್ಟಲೆ ಉಳಿಯುತ್ತವೆ. ಕ್ರೈಸೊಟೈಲ್ ಸೇರಿದಂತೆ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರಬಲ್ಲವು. ರೋಗ ತಲೆದೋರಲು 20ರಿಂದ 40 ವರ್ಷ ಹಿಡಿಯಬಹುದು. ಹಾಗಾಗಿ ಇಂದು ತೊಂದರೆಯಿಲ್ಲವೆಂದು ನಿರ್ಲಕ್ಷಿಸಬಾರದು.

ರೈತರು ಗಮನಿಸಬೇಕಾದ ಅಂಶಗಳು

1. ನಾರುಗಲ್ಲನ್ನು ಒಡೆಯಬಾರದು, ಪುಡಿ ಮಾಡಬಾರದು. ಮಕ್ಕಳ ಆಟಕ್ಕೆ ಕೊಡಬಾರದು.
2. ಅಗೆಯುವುದು ಅನಿವಾರ್ಯವಾದರೆ ನೀರು ಚಿಮುಕಿಸಿ ಧೂಳು ಏಳದಂತೆ ನೋಡಿಕೊಳ್ಳಬೇಕು. ಮುಖಕ್ಕೆ ಟವೆಲು ಕಟ್ಟಿದರೆ ಸಾಲದು.
3. ಹಳೆಯ ಶೀಟನ್ನು ಗರಗಸದಿಂದ ಕೊಯ್ಯಬಾರದು, ತಂತಿ ಬ್ರಷ್‌ನಿಂದ ಉಜ್ಜಬಾರದು. ಒಡೆದ ಚೂರುಗಳನ್ನು ಗೊಬ್ಬರದ ಗುಂಡಿಗೆ ಹಾಕಬಾರದು.
4. ಬರಿಗಣ್ಣಿನಿಂದ ಖನಿಜವನ್ನು ಖಚಿತವಾಗಿ ಗುರುತಿಸಲಾಗದು. ಅನುಮಾನವಿದ್ದಲ್ಲಿ ಕಲ್ಲನ್ನು ಇದ್ದಲ್ಲೇ ಬಿಟ್ಟು, ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ತಿಳಿಸುವುದು ಒಳಿತು.