‘ಕೆಳಹೊಟ್ಟೆ ಜಗ್ಗಿದಂಗೆ ಆಗುತ್ತೆ’ ಅಂತ ಅಮ್ಮ ಹೇಳಿದರೆ ಸುಮ್ಮನಿರಬೇಡಿ



ಕರು ಹಾಕಿದ ಹಸುವಿನ ಗರ್ಭಕೋಶ ಹೊರಬಂದರೆ ರಾತ್ರಿ ಹನ್ನೆರಡಾದರೂ ಪಶುವೈದ್ಯರಿಗೆ ಫೋನ್ ಮಾಡ್ತೀವಿ. ಅದೇ ತೊಂದರೆ ಮನೆಯ ಹೆಣ್ಣುಮಕ್ಕಳಿಗೆ ನಿಧಾನವಾಗಿ ಶುರುವಾದರೆ, ವರ್ಷಗಟ್ಟಲೆ ಯಾರಿಗೂ ಗೊತ್ತೇ ಆಗುವುದಿಲ್ಲ. ನಾಚಿಕೆಯಿಂದ ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಈ ವಾರ ಅದರ ಬಗ್ಗೆ ತಿಳಿಯೋಣ.

ಒಳಗೆ ಏನಾಗುತ್ತದೆ?

ಗರ್ಭಕೋಶ, ಮೂತ್ರಕೋಶ, ಗುದನಾಳ ಈ ಮೂರನ್ನೂ ಕೆಳಗಿನಿಂದ ಹೊತ್ತು ನಿಂತಿರುವುದು ಸ್ನಾಯುಗಳ ಒಂದು ಪದರ. ಗೋಣಿಚೀಲದ ತಳದ ಹೊಲಿಗೆ ಇದ್ದ ಹಾಗೆ. ಹೊಲಿಗೆ ಸಡಿಲವಾದರೆ ಒಳಗಿನದ್ದು ಕೆಳಗೆ ಜಗ್ಗುತ್ತದೆ. ಇದನ್ನೇ ಗರ್ಭಕೋಶ ಜಾರುವುದು ಅನ್ನುತ್ತಾರೆ. ಕೆಳಗೆ ಭಾರ, ಸೊಂಟನೋವು, ಕೆಮ್ಮಿದರೆ ಮೂತ್ರ ಹನಿಯುವುದು, ಗಂಟು ಕೈಗೆ ಸಿಕ್ಕಂತಾಗುವುದು ಇದರ ಲಕ್ಷಣಗಳು. ಸಂಜೆ ಹೊತ್ತಿಗೆ ಹೆಚ್ಚಾಗಿ, ಮಲಗಿದರೆ ಕಡಿಮೆಯಾಗುತ್ತದೆ.

ಕಾರಣಗಳು

- ಹೆಚ್ಚು ಹೆರಿಗೆ, ಕಷ್ಟದ ಹೆರಿಗೆ
- ಬಾಣಂತನ ಮುಗಿಯುವ ಮೊದಲೇ ಭಾರದ ಕೆಲಸ
- ದಿನಾ ಹುಲ್ಲಿನ ಹೊರೆ, ನೀರಿನ ಕೊಡ, ಹಾಲಿನ ಕ್ಯಾನ್ ಎತ್ತುವುದು
- ಬಹಳ ದಿನದ ಕೆಮ್ಮು (ಸೌದೆ ಒಲೆಯ ಹೊಗೆಯೂ ಕಾರಣವಾಗಬಹುದು)
- ಮಲಬದ್ಧತೆ, ಅತಿಯಾದ ತೂಕ
- ಮುಟ್ಟು ನಿಂತ ಮೇಲೆ ಸ್ನಾಯು ಸಡಿಲವಾಗುವುದು

ಎಲ್ಲ ಭಾರವೂ ಗರ್ಭಕೋಶ ಜಾರಿದ್ದರಿಂದಲೇ ಅಲ್ಲ. ಉರಿಮೂತ್ರ ಇದ್ದರೆ ಮೂತ್ರದ ಸೋಂಕು ಇರಬಹುದು. ಹೊಲದಲ್ಲಿ ಶೌಚಾಲಯ ಇಲ್ಲ ಅಂತ ನೀರು ಕುಡಿಯದೆ, ಮೂತ್ರ ತಡೆದುಕೊಳ್ಳುವವರಲ್ಲಿ ಇದು ಹೆಚ್ಚು. ಮುಟ್ಟಿನಲ್ಲಿ ಅತಿ ರಕ್ತಸ್ರಾವ ಇದ್ದರೆ ಗರ್ಭಕೋಶದ ಗಡ್ಡೆ ಇರಬಹುದು. ಪರೀಕ್ಷೆ ಮಾಡಿಸದೆ ಯಾವುದೆಂದು ಹೇಳಲಾಗದು.

ಮನೆಯಲ್ಲಿ, ಹೊಲದಲ್ಲಿ ಮಾಡಬೇಕಾದ್ದು

1. ಒಂದು ದೊಡ್ಡ ಹೊರೆಯನ್ನು ಎರಡು ಚಿಕ್ಕ ಹೊರೆ ಮಾಡಿ. ಕ್ಯಾನ್ ಸಾಗಿಸಲು ಬೈಕ್ ಅಥವಾ ಕೈಗಾಡಿ ಬಳಸಿ. ಆ ಕೆಲಸ ನೀವೇ ವಹಿಸಿಕೊಂಡರೆ ಇನ್ನೂ ಒಳ್ಳೇದು.
2. ಎತ್ತಲೇಬೇಕಾದರೆ ಮಂಡಿ ಮಡಚಿ, ಉಸಿರು ಬಿಡುತ್ತಾ ಎತ್ತಬೇಕು. ಉಸಿರು ಬಿಗಿಹಿಡಿಯಬಾರದು.
3. ಬಾಣಂತಿಗೆ ಕನಿಷ್ಠ 6 ವಾರ ಭಾರದ ಕೆಲಸ ಬೇಡ. ಆಮೇಲೂ ನಿಧಾನವಾಗಿ ಶುರು ಮಾಡಲಿ.
4. ಸೊಪ್ಪು, ಕಾಳು, ಸಾಕಷ್ಟು ನೀರು ಕೊಟ್ಟು ಮಲಬದ್ಧತೆ ತಪ್ಪಿಸಿ.
5. ಕೆಗೆಲ್ ವ್ಯಾಯಾಮ: ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು 5 ಸೆಕೆಂಡ್ ಬಿಗಿಹಿಡಿದು, 5 ಸೆಕೆಂಡ್ ಬಿಡಬೇಕು. ಒಂದು ಸಲಕ್ಕೆ 10 ಬಾರಿ, ದಿನಕ್ಕೆ 3 ಸಲ. ಕುಳಿತೋ ಮಲಗಿಯೋ ಮಾಡಬಹುದು, ಮೂತ್ರ ಮಾಡುವಾಗ ಬೇಡ. ಗುಣ ಕಾಣಲು ಸುಮಾರು 3 ತಿಂಗಳು ಬೇಕು.

ಗರ್ಭಕೋಶ ತೆಗೆಸುವ ಮುಂಚೆ

‘ತೆಗೆಸಿಬಿಟ್ಟರೆ ಆಯ್ತು’ ಅನ್ನುವ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಆತುರ ಬೇಡ. ಆರಂಭದ ಹಂತದಲ್ಲಿ ವ್ಯಾಯಾಮವೇ ಸಾಕಾಗಬಹುದು. ಮುಂದಿನ ಹಂತದಲ್ಲಿ ಪೆಸರಿ ಎಂಬ ಉಂಗುರವನ್ನು ವೈದ್ಯರು ಒಳಗೆ ಇಡುತ್ತಾರೆ. ಅದು ಜಾರಿದ ಭಾಗವನ್ನು ಎತ್ತಿಹಿಡಿಯುತ್ತದೆ. ಕೆಲವರಿಗೆ ಆಪರೇಷನ್ ಬೇಕಾಗುತ್ತದೆ, ಆಗಲೂ ಗರ್ಭಕೋಶ ಉಳಿಸಿಕೊಂಡೇ ಸರಿಪಡಿಸುವ ವಿಧಾನಗಳಿವೆ. ತೆಗೆಸಲು ಹೇಳಿದರೆ ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯವನ್ನೂ ಕೇಳಿ. ಜೊತೆಗೆ ಅಂಡಾಶಯವನ್ನೂ ತೆಗೆದರೆ, ವಯಸ್ಸಿಗೆ ಮೊದಲೇ ಮೂಳೆ ಸವೆಯಬಹುದು.

ತಡಮಾಡಬಾರದ ಲಕ್ಷಣಗಳು

ಮೂತ್ರ ಕಟ್ಟುವುದು, ಜ್ವರದ ಜೊತೆ ಹೊಟ್ಟೆನೋವು, ದುರ್ವಾಸನೆಯ ಸ್ರಾವ, ಹೊರಬಂದ ಭಾಗದಲ್ಲಿ ಹುಣ್ಣು, ಮುಟ್ಟು ನಿಂತ ಮೇಲೆ ರಕ್ತ ಕಾಣುವುದು. ಇವುಗಳಲ್ಲಿ ಒಂದಿದ್ದರೂ ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ.

ಅಮ್ಮನ ಹತ್ತಿರ ನೇರವಾಗಿ ಕೇಳಲು ಮುಜುಗರವೇ? ಹೆಂಡತಿ, ಅಕ್ಕ ಅಥವಾ ಊರಿನ ಆಶಾ ಕಾರ್ಯಕರ್ತೆ ಮೂಲಕ ಕೇಳಿಸಿ. ನಿಮ್ಮ ಫೋನಿನಲ್ಲೇ ಸರ್ಕಾರದ ಇ-ಸಂಜೀವಿನಿ ಮೂಲಕ ವೈದ್ಯರ ಜೊತೆ ಉಚಿತವಾಗಿ ಮಾತಾಡಿಸಬಹುದು. ಈ ಲೇಖನವನ್ನು ಅವರಿಗೇ ಓದಿ ಹೇಳಿದರೂ ಸಾಕು, ಮಾತು ಶುರುವಾಗುತ್ತದೆ.