ಹಳೆಯ ಹಾಡು, ಹೊಸ ನಡೆ

ಅಮೆರಿಕದಲ್ಲಿ ಚರ್ಚಿನ ಭಕ್ತಿಗಾನದಿಂದ ಸತ್ತ್ವವನ್ನು ಹೀರಿ ಬೆಳೆದ ‘ಸೋಲ್’ ಗೀತೆಗಳೂ, 1970ರ ದಶಕದ ನೃತ್ಯಶಾಲೆಗಳಲ್ಲಿ ಮೆರೆದ ‘ಡಿಸ್ಕೊ’ ಗೀತೆಗಳೂ ಇಂದು ಹೊಸ ಉಡುಪಿನಲ್ಲಿ ಮತ್ತೆ ಕೇಳಿಬರುತ್ತಿವೆ. ಇಂತಹ ಪುನರ್ರಚನೆಗೆ ರೀಮಿಕ್ಸ್ ಎಂದು ಹೆಸರು. ಹಳೆಯ ಕಂಠವನ್ನು ಉಳಿಸಿಕೊಂಡು, ವಾದ್ಯಗಳನ್ನು ಬದಲಿಸಿ, ನಡೆಯನ್ನು ಚುರುಕುಗೊಳಿಸುವುದು ಇದರ ಒಂದು ಸಾಮಾನ್ಯ ಕ್ರಮ. ನಡೆ ಬದಲಾದರೂ ಕಂಠ ಕೆಡದಿರುವುದು ಹೇಗೆ ಎಂಬುದನ್ನು ನಾವೀಗ ವಿಚಾರಿಸೋಣ.

ಮೊದಲ ರೀಮಿಕ್ಸ್‌ಗಳಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. 1976ರಲ್ಲಿ ವಾಲ್ಟರ್ ಗಿಬನ್ಸ್ ಎಂಬವರು ‘ಟೆನ್ ಪರ್ಸೆಂಟ್’ ಎಂಬ ಡಿಸ್ಕೊ ಗೀತೆಯನ್ನು ಒಂಬತ್ತು ನಿಮಿಷಗಳಿಗೂ ಮೀರಿ ಬೆಳೆಸಿದರು. ತಾಳದ ಭಾಗಗಳನ್ನು ಮತ್ತೆ ಮತ್ತೆ ಜೋಡಿಸಿದರೆ ಹಾಡು ಉದ್ದವಾಗುತ್ತದೆ, ವೇಗವನ್ನು ಮುಟ್ಟಬೇಕಾಗಿಲ್ಲ.

ವೇಗವನ್ನೇ ಹೆಚ್ಚಿಸಿದರೆ ಆಗುವುದೇನು? ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ಗ್ರಾಮಫೋನ್ ತಟ್ಟೆಯನ್ನು 54 ಸುತ್ತು ತಿರುಗಿಸಿದೆವೆನ್ನೋಣ. ನಿಮಿಷಕ್ಕೆ 100 ಇದ್ದ ತಾಳದ ಪೆಟ್ಟುಗಳು 120 ಆಗುವುವು; ನಾಲ್ಕು ನಿಮಿಷದ ಹಾಡು 3 ನಿಮಿಷ 20 ಸೆಕೆಂಡುಗಳಲ್ಲಿ ಮುಗಿಯುವುದು. ಆದರೆ ಸೆಕೆಂಡಿಗೆ 200 ಕಂಪನಗಳಿದ್ದ ಸ್ವರವೂ 240ಕ್ಕೆ ಏರುವುದು. ಈ 6:5ರ ಅನುಪಾತ ನಮ್ಮ ಸಂಗೀತಜ್ಞರಿಗೆ ಪರಿಚಿತವೇ: ಷಡ್ಜವು ಸಾಧಾರಣ ಗಾಂಧಾರದ ಸ್ಥಾನಕ್ಕೆ ಹೋಗಿ ನಿಲ್ಲುತ್ತದೆ.

ಶ್ರುತಿ ಏರುವುದಷ್ಟೇ ಅಲ್ಲ. ಗಂಟಲಿನಿಂದ ತುಟಿಯವರೆಗಿನ ನಾಳ ಕೆಲವು ಕಂಪನಗಳನ್ನು ಅನುರಣನದಿಂದ ಬಲಪಡಿಸುತ್ತದೆ. ಕಂಠದ ಗುರುತು ಬಹುಮಟ್ಟಿಗೆ ಇದರಲ್ಲಿದೆ. ಗಂಡಸರಲ್ಲಿ ಈ ನಾಳ ಸುಮಾರು 17 ಸೆಂಟಿಮೀಟರ್ ಉದ್ದ. ತಟ್ಟೆಯ ವೇಗ ಹೆಚ್ಚಿದಾಗ ಅನುರಣನಗಳೂ ಅದೇ ಅನುಪಾತದಲ್ಲಿ ಏರುವುದರಿಂದ, ನಾಳವು 14 ಸೆಂಟಿಮೀಟರಿಗೆ ಕುಗ್ಗಿದಂತೆ ಕಿವಿಗೆ ತೋರುತ್ತದೆ. ಹಾಡಿದವನೇ ಬೇರೊಬ್ಬನಾಗಿಬಿಡುತ್ತಾನೆ!

ಈ ಗಂಟನ್ನು ಬಿಡಿಸುವ ಒಂದು ಮಾರ್ಗವನ್ನು 1966ರಲ್ಲಿ ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ ಪ್ರಕಟಿಸಿದರು. ಅದಕ್ಕೆ ‘ಫೇಸ್ ವೋಕೋಡರ್’ ಎಂದು ಹೆಸರು. ಧ್ವನಿಯನ್ನು ಸೆಕೆಂಡಿನ ಅತಿ ಸಣ್ಣ ಅಂಶಗಳಷ್ಟಿರುವ ತುಣುಕುಗಳಾಗಿ ವಿಭಜಿಸಿ, ಪ್ರತಿಯೊಂದರಲ್ಲಿ ಯಾವ ಕಂಪನ ಎಷ್ಟು ಪ್ರಬಲವಾಗಿದೆಯೆಂದು ಗಣಿಸಬೇಕು. ಬಳಿಕ ಕಂಪನಗಳನ್ನು ಬದಲಿಸದೆ ತುಣುಕುಗಳನ್ನಷ್ಟೇ ಹತ್ತಿರ ಹತ್ತಿರ ಜೋಡಿಸಿ, ಅಲೆಗಳು ಒಂದಕ್ಕೊಂದು ಕೂಡಿಕೊಳ್ಳುವಂತೆ ಸರಿಪಡಿಸಬೇಕು. ಕಾಲ ಕುಗ್ಗುತ್ತದೆ, ಶ್ರುತಿ ಉಳಿಯುತ್ತದೆ. ಆದರೆ ಚರ್ಮವಾದ್ಯದ ಚುರುಕಾದ ಪೆಟ್ಟು ಈ ಸಂಸ್ಕಾರದಲ್ಲಿ ಮಸುಕಾಗುವುದುಂಟು. ತಾಳವಾದ್ಯಗಳನ್ನು ಹೊಸದಾಗಿ ಸೇರಿಸುವುದು ಅನುಕೂಲವಾಗಲು ಇದೂ ಒಂದು ಕಾರಣ.

ಇಂದಿನ ಗಣಕಗಳು ಬೆರೆತುಹೋದ ಧ್ವನಿಮುದ್ರಣದಿಂದಲೂ ಕಂಠವನ್ನು ಬಹುಮಟ್ಟಿಗೆ ಬೇರ್ಪಡಿಸಬಲ್ಲವು. ಹೀಗೆ ಬೇರೆಯಾದ ಕಂಠ ಯಾರದು? ಲೋಲಿಯಾಟಾ ಹಾಲೋವೇ 1980ರಲ್ಲಿ ಹಾಡಿದ ‘ಲವ್ ಸೆನ್ಸೇಷನ್’ ಗೀತೆಯ ತುಣುಕುಗಳಿಂದ ಇಟಲಿಯ ಬ್ಲ್ಯಾಕ್ ಬಾಕ್ಸ್ ತಂಡವು 1989ರಲ್ಲಿ ‘ರೈಡ್ ಆನ್ ಟೈಮ್’ ಗೀತೆಯನ್ನು ಕಟ್ಟಿತು. ಬ್ರಿಟನ್ನಿನಲ್ಲಿ ಅದು ಆರು ವಾರ ಮೊದಲ ಸ್ಥಾನದಲ್ಲಿತ್ತು. ಚಿತ್ರದಲ್ಲಿ ತುಟಿಯಾಡಿಸಿದವರು ಬೇರೊಬ್ಬರು. ಹಾಡಿದಾಕೆಯ ಹೆಸರು ಮೊದಲು ಅದರಲ್ಲಿರಲಿಲ್ಲ. ಆಕೆ ಕಾನೂನಿನ ಮೊರೆಹೊಕ್ಕು ಪರಿಹಾರ ಪಡೆಯಬೇಕಾಯಿತು.

ಯಂತ್ರವು ಕಂಠವನ್ನು ಅದರ ನಡೆಯಿಂದ ಬೇರ್ಪಡಿಸಬಹುದು. ಹಾಡಿದವರ ಹೆಸರು ಕಂಠದ ಜೊತೆಯಲ್ಲೇ ಉಳಿಯುವಂತೆ ನೋಡಿಕೊಳ್ಳುವುದು ಮಾತ್ರ ಯಂತ್ರ ನಡೆಸುವವರ ಕೆಲಸ.