ಸುರಕ್ಷಾ ಸಾಧನ: ಅನುಭವಿಗೆ ವಿನಾಯಿತಿ ಸಲ್ಲುವುದೇ?

ಅಡಿಕೆಯ ಕೊನೆ ಕೊಯ್ಯಿಸುವವರಲ್ಲಿಯೂ ಮರದ ವ್ಯವಹಾರದವರಲ್ಲಿಯೂ ರೂಢಿಯಾದ ಮಾತೊಂದಿದೆ: "ಇವನು ಇಪ್ಪತ್ತು ವರ್ಷದಿಂದ ಮರ ಹತ್ತುತ್ತಿದ್ದಾನೆ, ಬೆಲ್ಟು, ಹೆಲ್ಮೆಟ್ಟು ಹೊಸಬರಿಗಿರಲಿ." ಅನುಭವವನ್ನು ನೋಡಿ ಸುರಕ್ಷಾ ನಿಯಮವನ್ನು ಸಡಿಲಿಸಬಹುದೇ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅನುಭವದಿಂದ ತಪ್ಪುಗಳು ಕಡಿಮೆಯಾಗುವುದು ನಿಜ. ಆದರೆ ಬೆಲ್ಟು ಪ್ರಯೋಜನಕ್ಕೆ ಬರುವುದು ಕೈ ತಪ್ಪಿದ ಮೇಲೆಯೇ. ಒಳಗೆ ಟೊಳ್ಳಾದ ಕೊಂಬೆಯನ್ನಾಗಲಿ, ಮಳೆಗಾಲದಲ್ಲಿ ಬೋರ್ಡೋ ಸಿಂಪಡಿಸುವಾಗ ಜಾರುವ ಕಾಂಡವನ್ನಾಗಲಿ ಅನುಭವವೊಂದೇ ತಡೆಯಲಾರದು. 10 ಮೀಟರ್ ಎತ್ತರದಿಂದ ಬಿದ್ದವನು ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತಾನೆ. ಹೊಸಬನಿಗೂ ಹಳಬನಿಗೂ ಇದರಲ್ಲಿ ಭೇದವಿಲ್ಲ.

ಇನ್ನು ಕಾನೂನಿನ ಲೆಕ್ಕ. 1923ರ ಪರಿಹಾರ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿಯೇ ಮರ ಹತ್ತುವ, ಕಡಿಯುವ ಕೆಲಸ ಸೇರಿತ್ತು. 2025ರ ನವೆಂಬರ್ 21ರಂದು ಅದರ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದ್ದು, ಪರಿಹಾರದ ಮೂಲಸೂತ್ರ ಹಾಗೆಯೇ ಉಳಿದಿದೆ. ಮರಣಕ್ಕೆ ಮಾಸಿಕ ವೇತನದ ಶೇ. 50ನ್ನು, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಶೇ. 60ನ್ನು ವಯಸ್ಸಿಗನುಗುಣವಾದ ಗುಣಕದಿಂದ ಗುಣಿಸಬೇಕು. 40 ವರ್ಷದವನ ಗುಣಕ 184.17. ವೇತನ ರೂ. 12,000 ಇದ್ದಲ್ಲಿ ಮರಣ ಪರಿಹಾರ ರೂ. 11,05,020 ಆಗುತ್ತದೆ. ಈ ಲೆಕ್ಕದಲ್ಲಿ ಅನುಭವಕ್ಕೆ ಯಾವ ಕಡಿತವೂ ಇಲ್ಲ.

"ಬೆಲ್ಟು ಬೇಡವೆಂದವನು ಅವನೇ" ಎಂಬ ಸಮಜಾಯಿಷಿಯೂ ನಿಲ್ಲದು. ಕೆಲಸಗಾರನು ಬೇಕೆಂದೇ ಸುರಕ್ಷಾ ನಿಯಮ ಮೀರಿದನೆಂಬ ಪ್ರತಿವಾದವು ಸಣ್ಣಪುಟ್ಟ ಗಾಯಗಳಿಗೆ ಅನ್ವಯಿಸೀತು. ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಸಂಭವಿಸಿದಾಗ ಮಾಲೀಕನಿಗೆ ಅದರ ಆಸರೆ ಇಲ್ಲ. ತನ್ನ ವ್ಯಾಪಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಹೊಣೆಯೂ ತಪ್ಪದು.

ಹಾಗಾದರೆ ಅನುಭವಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ಯಾರು ಯಾವ ಕೆಲಸ ಮಾಡಬೇಕು, ಯಾರ ಮೇಲೆ ಎಷ್ಟು ನಿಗಾ ಬೇಕು ಎಂಬುದನ್ನು ಅನುಭವವೇ ನಿರ್ಧರಿಸಲಿ. ಹೊಸಬನ ಕೈಗೆ ಮರದ ಮೇಲೆ ಯಂತ್ರ ಗರಗಸ ಕೊಡಲಾಗದು. ಹಳಬನಿಗೆ ಮೇಲ್ವಿಚಾರಣೆಯನ್ನೂ ಹೆಚ್ಚಿನ ಕೂಲಿಯನ್ನೂ ಕೊಡಬಹುದು. ಸಾಧನವನ್ನು ಮಾತ್ರ ಅಪಾಯವೇ ನಿರ್ಧರಿಸಬೇಕು.

ಆದ್ದರಿಂದ ಸದಸ್ಯರು ಮೂರು ಕ್ರಮಗಳನ್ನು ಅನುಸರಿಸುವುದು ಒಳಿತು:

1. ನೆಲದಿಂದಲೇ ದೋಟಿಯಲ್ಲಿ ಆಗುವ ಕೆಲಸಕ್ಕೆ ಯಾರನ್ನೂ ಮರ ಹತ್ತಿಸದಿರುವುದು.
2. ಹತ್ತಲೇಬೇಕಾದಲ್ಲಿ ಬೆಲ್ಟು, ಹಗ್ಗ, ಹೆಲ್ಮೆಟ್ಟುಗಳನ್ನು ಎಲ್ಲರಿಗೂ ಸ್ವಂತ ಖರ್ಚಿನಲ್ಲಿ ಒದಗಿಸಿ, ವಿತರಣೆಯನ್ನು ದಾಖಲಿಸುವುದು.
3. ಪರಿಹಾರದ ಹೊಣೆಗೆ ವಿಮೆ ಮಾಡಿಸುವುದು.

ವಿಮೆಯಿಂದ ಹಣದ ಹೊರೆ ಇಳಿದೀತು. ಹೋದ ಜೀವ ಮರಳಿ ಬಾರದು. ಹೊಸಬರು ನಿಯಮವನ್ನು ಕಲಿಯುವುದು ಹಳಬರನ್ನು ನೋಡಿಯೇ. ಹಿರಿಯನು ಬೆಲ್ಟು ಕಟ್ಟದ ತೋಟದಲ್ಲಿ ಕಿರಿಯನೂ ಕಟ್ಟಲಾರನು.